ಎಣಿಕೆಗೆ ಬಾರದ ತರಗತಿ

ಕುವೈತ್‌ನಲ್ಲಿ ವಾರದ ರಜೆ 2007ರವರೆಗೆ ಗುರುವಾರ ಮತ್ತು ಶುಕ್ರವಾರ ಇದ್ದದ್ದು ಆಮೇಲೆ ಶುಕ್ರವಾರ ಮತ್ತು ಶನಿವಾರಕ್ಕೆ ಬದಲಾಯಿತು. ಹಿಂದೆಯೂ ಈಗಲೂ ರಜೆಯಾಗಿಯೇ ಉಳಿದಿರುವ ದಿನ ಶುಕ್ರವಾರ. ಅಂದು ಸಾಲ್ಮಿಯಾದಲ್ಲೋ ಅಬ್ಬಾಸಿಯಾದಲ್ಲೋ ಮಂಗಾಫಿನಲ್ಲೋ ಯಾರದೋ ಫ್ಲಾಟಿನ ಹಾಲಿನಲ್ಲಿ ಸೋಫಾವನ್ನು ಗೋಡೆಗೆ ಸರಿಸಿ, ಚಾಪೆ ಹಾಸಿ, ಎಂಟೋ ಹತ್ತೋ ಮಕ್ಕಳನ್ನು ಕೂರಿಸಿಕೊಂಡು ಒಬ್ಬ ತಾಯಿ ಕಾಗುಣಿತ ಬರೆಸುತ್ತಾಳೆ. ಊರಿಗೆ ರಜೆಯಲ್ಲಿ ಹೋದವರು ತಂದ ನಲಿ-ಕಲಿ ಪುಸ್ತಕ ಒಂದೇ ಇರುತ್ತದೆ. ಉಳಿದವರ ಕೈಯಲ್ಲಿ ಅದರ ಜೆರಾಕ್ಸ್ ಪ್ರತಿ. ಒಂದನೆಯ ತರಗತಿಯ ಹುಡುಗನೂ ಏಳನೆಯ ತರಗತಿಯ ಹುಡುಗಿಯೂ ಅಕ್ಕಪಕ್ಕ ಕುಳಿತು ಒಂದೇ 'ಅ' ತಿದ್ದುತ್ತಾರೆ. ಹನ್ನೊಂದೂವರೆಗೆ ಜುಮ್ಮಾ ಪ್ರಾರ್ಥನೆಗೆ ಹೊರಡಬೇಕಾದ ಮನೆಯ ಮಗು ಮೊದಲು ಏಳುತ್ತದೆ, ಚರ್ಚಿಗೆ ಹೋಗಬೇಕಾದದ್ದು ಅಂದು ಬಂದೇ ಇರುವುದಿಲ್ಲ. ಭಾನುವಾರ ಬೆಳಗ್ಗೆ ಇದೇ ಮಕ್ಕಳು ಹಳದಿ ಬಸ್ಸು ಹತ್ತಿ ಭಾರತೀಯ ಶಾಲೆಗೆ ಹೋಗುತ್ತಾರೆ. ಶುಕ್ರವಾರ ಏನು ಕಲಿತರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿ ಬರೆದುಕೊಳ್ಳಲು ಅಂಕಪಟ್ಟಿಯಲ್ಲಿ ಜಾಗವೂ ಇಲ್ಲ.

ಅದೇ ಶಾಲೆಯ ಹನ್ನೊಂದನೆಯ ತರಗತಿಯ ವಿದ್ಯಾರ್ಥಿಗಳು ಸಂಜೆಯ ಹೊತ್ತು ಇನ್ನೊಂದು ಪಾಠಕ್ಕೆ ಹೋಗುತ್ತಾರೆ. ಅದು ನೀಟ್ ಅಥವಾ ಜೆಇಇ ತರಬೇತಿ. ಆ ಪಾಠದ ಮುಂದೆ ಶಾಲೆ ಬಾಗುತ್ತದೆ. ಕಿರುಪರೀಕ್ಷೆಗಳ ದಿನ ಸರಿಯುತ್ತದೆ, ಹಾಜರಿಯ ಬಗ್ಗೆ ಕಣ್ಣು ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಯಾರಿಗೆ ಎಷ್ಟನೆಯ ರ‍್ಯಾಂಕ್ ಬಂತೆಂದು ಗೇಟಿನ ಮೇಲೆ ಬ್ಯಾನರ್ ಏರುತ್ತದೆ. ಎರಡೂ ಶಾಲೆಯ ಹೊರಗಿನ ಪಾಠಗಳೇ. ಒಂದಕ್ಕೆ ಸಾವಿರಾರು ರೂಪಾಯಿಗೆ ಸಮನಾದ ದಿನಾರು ಕೊಟ್ಟು ಹೋಗುತ್ತಾರೆ, ಅದು ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಉಚಿತ, ಅದು ಬರುವುದಿಲ್ಲ. ಶಾಲೆಯಲ್ಲಿ ಹೆಸರಿರುವ ಮಗು ಬೇರೆಡೆ ಕಲಿತದ್ದನ್ನು ಶಾಲೆ ತನ್ನದೆಂದು ಒಪ್ಪಿಕೊಳ್ಳಬೇಕೇ ಎಂಬುದು ಆಡಳಿತಗಾರರ ಸಣ್ಣ ತಾಂತ್ರಿಕ ಪ್ರಶ್ನೆಯಂತೆ ತೋರುತ್ತದೆ. ಆದರೆ ಕುವೈತ್‌ನ ಕನ್ನಡ ಕುಟುಂಬಗಳ ಮಟ್ಟಿಗೆ ಮುಂದಿನ ತಲೆಮಾರು ಕನ್ನಡವನ್ನು ಓದಬಲ್ಲುದೋ ಇಲ್ಲವೋ ಎಂಬುದು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಈ ಪ್ರಶ್ನೆಯನ್ನು ಬೇರೆ ಸಮಾಜಗಳು ಎಂದೋ ಎದುರಿಸಿವೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1935ರಲ್ಲಿ ಜಪಾನಿ ಮತ್ತು ಇಟಾಲಿಯನ್ ಭಾಷೆಗಳ ಶನಿವಾರದ ತರಗತಿಗಳು ಆರಂಭವಾದವು. ಅವೇ ಬೆಳೆದು ಇಂದಿನ ವಿಕ್ಟೋರಿಯನ್ ಸ್ಕೂಲ್ ಆಫ್ ಲ್ಯಾಂಗ್ವೇಜಸ್ ಆಗಿವೆ. ಅದು ಸರ್ಕಾರಿ ಶಾಲೆಯೇ. ಅಲ್ಲಿಗೆ ಬರುವ ಮಕ್ಕಳ ಹೆಸರು ವಾರವಿಡೀ ಬೇರೆ ಶಾಲೆಗಳಲ್ಲಿರುತ್ತದೆ. ಶನಿವಾರ ಕಲಿತ ಭಾಷೆಯ ಅಂಕ ಅವರ ಹನ್ನೆರಡನೆಯ ತರಗತಿಯ ಫಲಿತಾಂಶಕ್ಕೆ ಸೇರುತ್ತದೆ. ಅಮೆರಿಕದ ಮಿನೆಸೋಟ ರಾಜ್ಯ 1985ರಲ್ಲಿ ಕಾನೂನು ತಂದು, ಸರ್ಕಾರಿ ಶಾಲೆಯ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯ ವಿದ್ಯಾರ್ಥಿ ಕಾಲೇಜಿನಲ್ಲಿ ಪಾಠ ಕೇಳಬಹುದು, ಖರ್ಚನ್ನು ಸರ್ಕಾರ ಭರಿಸುತ್ತದೆ, ಆ ಪಾಠ ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ ಎಂದಿತು. ಮನೆಮಾತನ್ನೂ ಇಂಗ್ಲಿಷನ್ನೂ ಚೆನ್ನಾಗಿ ಬಲ್ಲ ಹೈಸ್ಕೂಲು ವಿದ್ಯಾರ್ಥಿಯ ಪ್ರಮಾಣಪತ್ರದ ಮೇಲೆ ದ್ವಿಭಾಷಾ ಮುದ್ರೆಯೊತ್ತುವ ಕಾನೂನನ್ನು ಕ್ಯಾಲಿಫೋರ್ನಿಯಾ 2011ರಲ್ಲಿ ಮಾಡಿತು. ಈ ಪತ್ರಿಕೆಯ ಓದುಗರಲ್ಲಿ ಇಂಥ ಏರ್ಪಾಡಿನ ಫಲವನ್ನು ಮನೆಯಲ್ಲಿಯೇ ಕಂಡವರಿದ್ದಾರೆ. ಅವರಿಗೆ ಕುವೈತ್‌ನ ಶುಕ್ರವಾರದ ಚಾಪೆ ಸ್ವಲ್ಪ ವಿಚಿತ್ರವಾಗಿ ಕಾಣಬಹುದು.

ಅಲ್ಲಿನ ಸರ್ಕಾರಿ ಶಾಲೆಯ ಬಾಗಿಲು ಭಾರತೀಯ ಮಗುವಿಗೆ ತೆರೆದಿಲ್ಲ ಎಂಬುದನ್ನು ಮೊದಲು ಹೇಳಬೇಕು. 1962ರ ಕುವೈತ್ ಸಂವಿಧಾನದ 40ನೆಯ ವಿಧಿ ಶಿಕ್ಷಣವನ್ನು ಕುವೈತಿಗಳ ಹಕ್ಕೆಂದು ಕರೆಯುತ್ತದೆ. 1965ರಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಬಂತು. ಸಚಿವಾಲಯದ ಶಿಕ್ಷಕರ ಮಕ್ಕಳಂಥ ಕೆಲವೇ ವರ್ಗಗಳನ್ನು ಬಿಟ್ಟರೆ ವಿದೇಶಿ ಕೆಲಸಗಾರರ ಮಕ್ಕಳ ದಾರಿ ಖಾಸಗಿ ಶಾಲೆಗೇ ಹೋಗುತ್ತದೆ. ಆದರೆ ಕುವೈತ್‌ನ ಶಾಲೆಯ ಚರಿತ್ರೆ ಯಾವಾಗಲೂ ಹೀಗೆ ಮುಚ್ಚಿಕೊಂಡದ್ದಲ್ಲ. 1911ರಲ್ಲಿ ವ್ಯಾಪಾರಿಗಳು ಚಂದಾ ಎತ್ತಿ ಕಟ್ಟಿದ ಮುಬಾರಕಿಯಾ ಶಾಲೆಯಿಂದ ಅದು ಆರಂಭವಾಗುತ್ತದೆ. ಆ ವ್ಯಾಪಾರಿಗಳ ಹಡಗುಗಳು ಮಂಗಳೂರು, ಕಲ್ಲಿಕೋಟೆಗಳಿಗೆ ಬಂದು ಮರಮುಟ್ಟು ತುಂಬಿಕೊಂಡು ಹೋಗುತ್ತಿದ್ದವು, ಅವರ ಪೇಟೆಯಲ್ಲಿ 1961ರವರೆಗೆ ರೂಪಾಯಿಯೇ ಚಲಾವಣೆಯಲ್ಲಿತ್ತು. 1936ರಲ್ಲಿ ಶಿಕ್ಷಣ ಮಂಡಳಿ ರಚನೆಯಾದಾಗ ಪಾಠ ಹೇಳಲು ಪ್ಯಾಲೆಸ್ತೀನಿನಿಂದ ಶಿಕ್ಷಕರನ್ನು ಕರೆಸಿಕೊಳ್ಳಲಾಯಿತು.

ಮೂರು ದಶಕಗಳ ನಂತರ ಆ ಪ್ಯಾಲೆಸ್ತೀನಿಯರ ಮಕ್ಕಳದೇ ಪ್ರಶ್ನೆ ಎದ್ದಿತು. 1967ರ ಯುದ್ಧದ ಬಳಿಕ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಕುವೈತ್ ಸೇರಿದಾಗ ಸರ್ಕಾರಿ ಶಾಲೆಗಳಲ್ಲಿ ಜಾಗ ಸಾಲಲಿಲ್ಲ. ಆಗ ಸರ್ಕಾರ ತನ್ನ ಶಾಲಾ ಕಟ್ಟಡಗಳನ್ನೇ ಮಧ್ಯಾಹ್ನದ ಪಾಳಿಗೆ ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಗೆ ಬಿಟ್ಟುಕೊಟ್ಟಿತು. ಶಿಕ್ಷಕರು ಸಂಘಟನೆಯವರು, ಬೆಂಚು ಮತ್ತು ಕರಿಹಲಗೆ ಸರ್ಕಾರದ್ದು. ಬೆಳಗ್ಗೆ ಕುವೈತಿ ಮಗು ಕುಳಿತು ಎದ್ದ ಬೆಂಚಿನ ಮೇಲೆ ಮಧ್ಯಾಹ್ನ ನಿರಾಶ್ರಿತ ಮಗು ಕುಳಿತು ಕುವೈತಿನ ಪಠ್ಯವನ್ನೂ ತನ್ನ ನಾಡಿನ ಕಥೆಯನ್ನೂ ಓದಿತು. 1976ರಲ್ಲಿ ಆ ವ್ಯವಸ್ಥೆ ನಿಂತಿತು. ಅದು ನಿಂತದ್ದಕ್ಕೆ ರಾಜಕೀಯ ಕಾರಣಗಳಿದ್ದವು, ಆ ಕಥೆ ಬೇರೆ. ಒಂದೇ ಸೂರಿನಡಿ ಎರಡು ಸಂಸ್ಥೆಗಳು ಪಾಠ ಹೇಳುವುದನ್ನು ಕುವೈತ್ ಒಂಬತ್ತು ವರ್ಷ ನಡೆಸಿ ನೋಡಿದೆ ಎಂಬುದಷ್ಟೇ ಇಲ್ಲಿ ಮುಖ್ಯ. ಶುಕ್ರವಾರ ಖಾಲಿ ಬಿದ್ದಿರುವ ಶಾಲಾ ಕೊಠಡಿಯೊಂದನ್ನು ಕನ್ನಡಕ್ಕೆ ಕೇಳುವವರು ಆ ನೆಲದಲ್ಲಿ ಯಾರೂ ಕೇಳದ ಹೊಸದೊಂದನ್ನು ಕೇಳುತ್ತಿಲ್ಲ.

ಯಾವ ಶಾಲೆಯ ಕೊಠಡಿ? ಇಂಡಿಯನ್ ಸ್ಕೂಲ್ ಎಂದು ಎಲ್ಲರೂ ಕರೆಯುವ ಸಮುದಾಯದ ಶಾಲೆ 1959ರಲ್ಲಿ ಆರಂಭವಾಯಿತು. ಇಂದು ಸಿಬಿಎಸ್‌ಇ ಮಾನ್ಯತೆಯ ಹಲವು ಶಾಲೆಗಳು ಅಲ್ಲಿವೆ. ಸುಮಾರು ಹತ್ತು ಲಕ್ಷ ಭಾರತೀಯರಿರುವ ದೇಶದಲ್ಲಿ ಇವು ಕಾನೂನಿನ ಕಣ್ಣಿಗೆ ಖಾಸಗಿ ಶಾಲೆಗಳು. ಆದರೆ ಬೇರೆ ಬಾಗಿಲಿಲ್ಲದವರಿಗೆ ಇದ್ದ ಒಂದೇ ಬಾಗಿಲು ಸಾರ್ವಜನಿಕ ಬಾಗಿಲೇ ಆಗುತ್ತದೆ. ಪರೀಕ್ಷೆ ನಡೆಸುವ ಮಂಡಳಿ ಭಾರತ ಸರ್ಕಾರದ ಶಿಕ್ಷಣ ಸಚಿವಾಲಯದ ಅಧೀನದಲ್ಲಿದೆ, ಪಠ್ಯ ದೆಹಲಿಯಿಂದ ಬರುತ್ತದೆ. ಆದ್ದರಿಂದ ಈ ಶಾಲೆಗಳ ಬಗ್ಗೆ ಮಾತಾಡುವಾಗ ಖಾಸಗಿ ಆಡಳಿತದ ಇಷ್ಟಾನಿಷ್ಟ ಎಂದು ಕೈತೊಳೆದುಕೊಳ್ಳುವಂತಿಲ್ಲ.

ಇಲ್ಲಿ ಎರಡನೆಯ, ಮೂರನೆಯ ಭಾಷೆಯ ಆಯ್ಕೆ ಬಂದಾಗ ಸಾಮಾನ್ಯವಾಗಿ ಕಾಣುವ ಹೆಸರುಗಳು ಹಿಂದಿ, ಅರೇಬಿಕ್, ಫ್ರೆಂಚ್, ಕೆಲವೆಡೆ ಮಲಯಾಳ. ಕನ್ನಡವೇಕಿಲ್ಲ ಎಂದು ಕೇಳಿದರೆ ಮಕ್ಕಳ ಸಂಖ್ಯೆ ಸಾಲದು, ಶಿಕ್ಷಕರಿಲ್ಲ ಎಂಬ ಉತ್ತರ ಬರುತ್ತದೆ. ಒಂದು ಶಾಲೆಯ ಒಂದು ತರಗತಿಯಲ್ಲಿ ಕನ್ನಡದ ಮಕ್ಕಳು ನಾಲ್ಕೇ ಇರಬಹುದು, ಅವರಿಗಾಗಿ ಒಬ್ಬ ಶಿಕ್ಷಕರನ್ನು ನೇಮಿಸಲಾಗದು, ಉತ್ತರ ಸುಳ್ಳಲ್ಲ. ಮಂಡಳಿಯ ಕಡೆಯಿಂದ ಅಡ್ಡಿಯೇನೂ ಇಲ್ಲ. ಹತ್ತನೆಯ ತರಗತಿಯ ವಿಷಯಪಟ್ಟಿಯಲ್ಲಿ ಕನ್ನಡಕ್ಕೆ 015 ಎಂಬ ಸಂಕೇತಸಂಖ್ಯೆಯಿದೆ, ಪ್ರಶ್ನೆಪತ್ರಿಕೆಯಿದೆ. ಆರರಿಂದ ಎಂಟನೆಯ ತರಗತಿಯವರೆಗಿನ ಮೂರನೆಯ ಭಾಷೆಗಂತೂ ಶಾಲೆಯೇ ಅಂಕ ಕೊಡುತ್ತದೆ, ಮಂಡಳಿಯ ಪರೀಕ್ಷೆಯೇ ಇಲ್ಲ. ನಾಲ್ಕು ಶಾಲೆಗಳ ನಾಲ್ಕು ನಾಲ್ಕು ಮಕ್ಕಳು ಒಂದೇ ಕಡೆ ಕಲಿತು, ಅಲ್ಲಿನ ಅಂಕವನ್ನು ಅವರವರ ಶಾಲೆ ಒಪ್ಪಿಕೊಂಡರೆ ಸಂಖ್ಯೆಯ ತೊಡಕು ಅಲ್ಲಿಗೇ ಮುಗಿಯುತ್ತದೆ. ಮೆಲ್ಬರ್ನಿನ ಶನಿವಾರದ ಶಾಲೆ ಮಾಡುವುದೂ ಇದನ್ನೇ. ಹತ್ತನೆಯ ತರಗತಿಯ ಮಟ್ಟದಲ್ಲಿ ಇನ್ನೂ ಒಂದು ಕಾಲುದಾರಿಯಿದೆ: ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ವಿಷಯಗಳಲ್ಲಿ ಕನ್ನಡವೂ ಒಂದು, ಒಂದೆರಡು ವಿಷಯಗಳಿಗೆ ಮಾತ್ರ ಸೇರುವ ಅವಕಾಶವನ್ನೂ ಆ ಸಂಸ್ಥೆ ಕೊಡುತ್ತದೆ. ಕುವೈತ್‌ನ ಕನ್ನಡ ಪಾಲಕರ ನಡುವೆ ಈ ದಾರಿಯ ಮಾತು ಎದ್ದದ್ದು ಕಡಿಮೆ.

ಇಷ್ಟೆಲ್ಲ ತಲೆಬಿಸಿ ಏಕೆ, ಮಗು ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಲದೇ ಎಂಬ ಮಾತು ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ನೆಲೆಸಿದವರ ಬಾಯಲ್ಲಿ ಸಹಜ. ಅಲ್ಲಿ ಕನ್ನಡ ತರಗತಿ ಪರಂಪರೆಯ ಪಾಠ. ಮಗು ಆ ದೇಶದ ಪ್ರಜೆ, ಅಜ್ಜಿಯೊಡನೆ ನಾಲ್ಕು ಮಾತಾಡಲು ಬಂದರೆ ಅದೇ ಸಂತೋಷ. ಕೊಲ್ಲಿ ರಾಷ್ಟ್ರಗಳಲ್ಲಿ ಸ್ಥಿತಿ ಬೇರೆ. ವಾಸದ ಪರವಾನಗಿ ಕೆಲಸಕ್ಕೆ ಕಟ್ಟಿದ್ದು. ಅಲ್ಲೇ ಹುಟ್ಟಿ ಬೆಳೆದ ಮಗುವಿಗೂ ಪೌರತ್ವದ ಆಸೆಯಿಲ್ಲ. ತಂದೆಯ ಕೆಲಸ ಹೋದ ತಿಂಗಳೇ ಮನೆ ಖಾಲಿ ಮಾಡಬೇಕಾಗುತ್ತದೆ. ಮರಳುವುದು ಖಚಿತ, ಯಾವಾಗ ಎಂಬುದಷ್ಟೇ ಅನಿಶ್ಚಿತ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ನುಗ್ಗಿದಾಗ ಈ ಸತ್ಯ ಒಂದೇ ಬೆಳಗಿನಲ್ಲಿ ಎಲ್ಲರಿಗೂ ತಿಳಿಯಿತು. ಅಮ್ಮಾನಿನ ಮೂಲಕ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. ಸೂಟ್‌ಕೇಸಿನಲ್ಲಿ ಅಂಕಪಟ್ಟಿಯೂ ಇಲ್ಲದೆ ಬಂದಿಳಿದ ಮಕ್ಕಳು ಶಾಲಾ ವರ್ಷದ ನಡುವೆ ಊರಿನ ಶಾಲೆಗಳ ಬಾಗಿಲಲ್ಲಿ ನಿಂತರು. ಆ ಪೀಳಿಗೆಯವರಿಗೆ ಈಗ ನಲವತ್ತು, ಐವತ್ತು ವಯಸ್ಸು. ಇಂಗ್ಲಿಷ್ ಪುಸ್ತಕ ಓದಲು ಬರುವ ಮಗು ಊರಿನ ಬಸ್ಸಿನ ಬೋರ್ಡು ಓದಲಾರದೆ ನಿಂತ ಅನುಭವವನ್ನು ಅವರಲ್ಲಿ ಹಲವರು ಇಂದಿಗೂ ಹೇಳುತ್ತಾರೆ.

ಈಗ ಮರಳುವ ಮಗುವಿನ ಮುಂದೆ ಬಸ್ಸಿನ ಬೋರ್ಡಿಗಿಂತ ದೊಡ್ಡದೊಂದಿದೆ. ಕರ್ನಾಟಕದ 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ರಾಜ್ಯದ ಎಲ್ಲ ಶಾಲೆಗಳಲ್ಲಿ, ಸಿಬಿಎಸ್‌ಇ ಶಾಲೆಗಳೂ ಸೇರಿದಂತೆ, ಕನ್ನಡವನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ಅದರ ಬಗ್ಗೆ ನ್ಯಾಯಾಲಯದಲ್ಲಿ ವಾದವಿವಾದ ನಡೆದಿದೆ, ನಡೆಯಲಿ. ಆದರೆ ರಾಜ್ಯದೊಳಗೆ ಕನ್ನಡ ಕಡ್ಡಾಯವೆಂದು ಹೇಳುವ ಸರ್ಕಾರ, ನಾಳೆ ಅದೇ ರಾಜ್ಯಕ್ಕೆ ಬರಲಿರುವ ಮಗು ಇಂದು ಹೊರಗೆಲ್ಲೋ ಆ ಭಾಷೆಯನ್ನು ಕಲಿಯಲು ಏನು ಮಾಡಿದೆ?

ಕುವೈತ್‌ನ ಕನ್ನಡಿಗರ ಬಗ್ಗೆ ಇನ್ನೊಂದು ವಿಷಯವನ್ನು ಬೆಂಗಳೂರು ಸಾಮಾನ್ಯವಾಗಿ ಮರೆಯುತ್ತದೆ. ಅವರಲ್ಲಿ ದೊಡ್ಡ ಪಾಲು ಕರಾವಳಿಯವರು. ಮನೆಯಲ್ಲಿ ಅವರು ತುಳು, ಕೊಂಕಣಿ, ಬ್ಯಾರಿ, ನವಾಯತಿ ಮಾತಾಡುತ್ತಾರೆ. ಉಡುಪಿಯಲ್ಲೋ ಭಟ್ಕಳದಲ್ಲೋ ಬಂಟ್ವಾಳದಲ್ಲೋ ಅವರಿಗೆ ಕನ್ನಡ ಸಿಕ್ಕಿದ್ದು ತಾಯಿಯಿಂದಲ್ಲ, ಶಾಲೆಯ ಮೇಷ್ಟ್ರಿಂದ, ಟೀಚರಿಂದ. ಪತ್ರ, ಪತ್ರಿಕೆ, ಯಕ್ಷಗಾನದ ಮಾತುಗಾರಿಕೆ, ಪಂಚಾಯಿತಿಯ ಅರ್ಜಿ, ಜಾತಿ ಮತಗಳನ್ನು ದಾಟಿ ಒಬ್ಬರಿನ್ನೊಬ್ಬರ ಜೊತೆ ಆಡುವ ಸಾರ್ವಜನಿಕ ಮಾತು, ಇವೆಲ್ಲಕ್ಕೆ ಕನ್ನಡ. ಇಂಥ ಮನೆಯ ಮಗು ಕುವೈತ್‌ನಲ್ಲಿ ಕನ್ನಡವಿಲ್ಲದ ಶಾಲೆಗೆ ಹೋದರೆ ಅದು ಬರಿಯ ಲಿಪಿಯನ್ನು ಕಳೆದುಕೊಳ್ಳುವುದಿಲ್ಲ, ಭಾಷೆಯನ್ನೇ ಕಳೆದುಕೊಳ್ಳುತ್ತದೆ. ಮಂಡ್ಯದ ಮನೆಯ ಮಗು ಓದಲು ಬಾರದಿದ್ದರೂ ಕನ್ನಡ ಮಾತಾಡೀತು. ಮೂಲ್ಕಿಯ ಮನೆಯ ಮಗು ತುಳು ಮಾತಾಡುತ್ತದೆ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತದೆ, ಟಿವಿಯಲ್ಲಿ ಹಿಂದಿ ಕೇಳುತ್ತದೆ. ಕನ್ನಡ ಹುಟ್ಟಬೇಕಾದ ಜಾಗವೇ ಅದರ ಬದುಕಿನಲ್ಲಿಲ್ಲ. ಅಂದಮೇಲೆ ಕರಾವಳಿಯ ನೂರಾರು ವರ್ಷಗಳ ಕನ್ನಡದ ನಂಟು ಒಂದೇ ತಲೆಮಾರಿನಲ್ಲಿ ಕಡಿಯಬಹುದು. ಇದನ್ನು ಹೇಳುವಾಗ ತುಳು, ಕೊಂಕಣಿಗಳಿಗೂ ಪಾಠ ಬೇಕೆಂಬ ಬೇಡಿಕೆ ಕಡಿಮೆಯದಲ್ಲ ಎಂಬುದನ್ನು ಸೇರಿಸಿ ಹೇಳಬೇಕು. ಮನೆಮಾತಿಗೆ ಮನೆಯಾದರೂ ಇದೆ. ಕನ್ನಡಕ್ಕೆ ಅಲ್ಲಿ ಅದೂ ಇಲ್ಲ.

ಅರೇಬಿಕ್ಕಿನ ಗತಿಯೂ ಹೆಚ್ಚು ಭಿನ್ನವಲ್ಲ. ಹದಿನೈದು ವರ್ಷ ಕುವೈತ್‌ನಲ್ಲಿ ಬೆಳೆದು ಅಲ್ಲಿನ ಅಂಗಡಿಯವನೊಡನೆ ಎರಡು ವಾಕ್ಯ ಆಡಲಾರದ ಭಾರತೀಯ ಮಕ್ಕಳು ಬೇಕಾದಷ್ಟಿದ್ದಾರೆ. ಊರಿನ ಭಾಷೆಗೂ ಇರುವ ಊರಿನ ಭಾಷೆಗೂ ಹೊರಗಾಗಿ ಪರೀಕ್ಷೆಯ ಭಾಷೆಯಲ್ಲಿ ಮಾತ್ರ ಬದುಕುವ ಈ ಬಾಲ್ಯ ಯಾರ ಯೋಜನೆಯಂತೆಯೂ ಆದದ್ದಲ್ಲ.

ನೆರೆಯ ಕೇರಳ ಈ ತೊಡಕನ್ನು ಸರ್ಕಾರದ ಹೊಣೆಯೆಂದು ಕಂಡಿತು. 2009ರಲ್ಲಿ ಆರಂಭವಾದ ಮಲಯಾಳಂ ಮಿಷನ್ ಹೊರನಾಡಿನ ಮಕ್ಕಳಿಗಾಗಿ ಹತ್ತು ವರ್ಷಗಳ ಕಲಿಕೆಯನ್ನು ನಾಲ್ಕು ಹಂತಗಳಲ್ಲಿ ಜೋಡಿಸಿದೆ. ಹಂತಗಳಿಗೆ ಹೂವಿನ ಹೆಸರು: ಕಣಿಕ್ಕೊನ್ನ, ಸೂರ್ಯಕಾಂತಿ, ಆಂಬಲ್, ನೀಲಕುರಿಂಜಿ. ಮೊದಲೆರಡು ಎರಡೆರಡು ವರ್ಷ, ಮುಂದಿನ ಎರಡು ಮೂರು ಮೂರು ವರ್ಷ. ಕೊನೆಯದನ್ನು ಹತ್ತನೆಯ ತರಗತಿಯ ಮಲಯಾಳಕ್ಕೆ ಸಮನಾಗಿ ರೂಪಿಸಲಾಗಿದೆ. ಪುಸ್ತಕ ಸರ್ಕಾರದ್ದು, ಪರೀಕ್ಷೆ ಸರ್ಕಾರದ್ದು, ಪ್ರಮಾಣಪತ್ರದ ಮೇಲೆ ಸರ್ಕಾರದ ಮುದ್ರೆ. ಕಲಿಸುವವರು ಊರೂರಿನ ಸಂಘಗಳ ಸ್ವಯಂಸೇವಕರು. ಕುವೈತ್‌ನಲ್ಲಿಯೂ ಮಿಷನ್ನಿನ ಘಟಕವಿದೆ. ಅಬ್ಬಾಸಿಯಾದ ಒಂದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಮಲಯಾಳ ಪಾಠವೂ ಐದನೆಯ ಮಹಡಿಯಲ್ಲಿ ಕನ್ನಡ ಪಾಠವೂ ನಡೆಯುತ್ತಿದ್ದರೆ, ಕೆಳಗಿನ ಮಗುವಿಗೆ ತಾನು ಯಾವ ಹಂತದಲ್ಲಿದ್ದೇನೆ, ಮುಂದೇನು ಎಂಬುದು ಗೊತ್ತಿರುತ್ತದೆ. ಮೇಲಿನ ಮಗು ಮೂರು ವರ್ಷದಿಂದ ಕಾಗುಣಿತದಲ್ಲೇ ಇರಬಹುದು, ಏಕೆಂದರೆ ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ಮಕ್ಕಳು ಬರುತ್ತಾರೆ, ಹೊಸ ಟೀಚರು ಬರುತ್ತಾರೆ, ಪಾಠ ಮೊದಲಿನಿಂದ ಆರಂಭವಾಗುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಓದಿ ಕುವೈತ್‌ಗೆ ಬಂದ ತಂದೆತಾಯಿಯ ಇಕ್ಕಟ್ಟು ಇನ್ನೂ ಕಹಿಯಾದದ್ದು. ಅವರ ರಾಜ್ಯ ಅವರ ಮಕ್ಕಳಿಗೆ ಕೊಡುವುದು ಮಲಯಾಳ. ಅವರ ಭಾಷೆಯ ರಾಜ್ಯ ಕೊಡುವುದು ನವೆಂಬರಿನಲ್ಲಿ ಶುಭಾಶಯ.

ಕರ್ನಾಟಕ ಏನೂ ಮಾಡಿಲ್ಲವೆಂದರೆ ತಪ್ಪಾಗುತ್ತದೆ. ಹೊರನಾಡಿನ ವಿದ್ಯಾರ್ಥಿಗೆ ಕನ್ನಡ ಬರುತ್ತದೆಯೇ ಎಂದು ಅದು ಪರೀಕ್ಷೆ ಮಾಡುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ವೃತ್ತಿಶಿಕ್ಷಣದ ಸೀಟಿಗೆ ಹೊರನಾಡು, ಗಡಿನಾಡು ಕನ್ನಡಿಗರೆಂದು ಅರ್ಹತೆ ಕೋರುವವರಿಗೆ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಅಂದರೆ ಮಗು ಹದಿನೆಂಟು ವರ್ಷ ತುಂಬಿ ಸೀಟು ಕೇಳಲು ಬಂದಾಗ ನಿನಗೆ ಕನ್ನಡ ಬರುತ್ತದೆಯೇ ಎಂದು ಕೇಳುವ ಸರ್ಕಾರಕ್ಕೆ, ಆ ಮಗುವಿಗೆ ಆರು ವರ್ಷವಾಗಿದ್ದಾಗ ಒಂದು ಪುಸ್ತಕ ಕೊಡಬೇಕೆಂದು ತೋಚಲಿಲ್ಲ. ದೂರದ ನೆಪ ಹೇಳುವವರು ನೀಟ್ ಪರೀಕ್ಷೆಯನ್ನು ನೆನೆಯಬೇಕು. ಪಾಲಕರು ಬೆನ್ನುಬಿಡದೆ ಕೇಳಿದ ಮೇಲೆ 2021ರಲ್ಲಿ ಕುವೈತ್‌ನಲ್ಲಿಯೇ ಆ ಪರೀಕ್ಷೆಯ ಕೇಂದ್ರ ತೆರೆಯಿತು. ಅದಕ್ಕೆ ಮೊದಲು ಭಾರತದ ಹೊರಗೆ ಎಲ್ಲಿಯೂ ಅಂಥ ಕೇಂದ್ರವಿರಲಿಲ್ಲ. ಕೋವಿಡ್ ಕಾಲದಲ್ಲಿ, ಅದೂ ರಾಯಭಾರ ಕಚೇರಿಯ ಆವರಣದಲ್ಲಿ, ಅದು ನಡೆಯಿತು. ಕನ್ನಡದ ಪ್ರಶ್ನೆಪತ್ರಿಕೆಯೊಂದು ಅದೇ ವಿಮಾನದಲ್ಲಿ ಬರಲು ಅಡ್ಡಿಯೇನು?

ಹಾಗೆಂದು ಎಲ್ಲವನ್ನೂ ಸರ್ಕಾರದ ಮೇಲೆ ಹೊರಿಸಿ ಕೂರುವಂತಿಲ್ಲ. ದುಬೈಯಲ್ಲಿ ಕನ್ನಡ ಮಿತ್ರರು ಬಳಗ 2014ರಿಂದ ವಾರಾಂತ್ಯದ ಉಚಿತ ಪಾಠಶಾಲೆಯನ್ನು ನಡೆಸಿಕೊಂಡು ಬಂದಿದೆ, ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿದೆ. ಸರ್ಕಾರ ಏಳುವವರೆಗೆ ಕಾಯಲಿಲ್ಲ ಎಂಬುದು ಅವರ ಹೆಗ್ಗಳಿಕೆ. ಕುವೈತ್‌ನಲ್ಲಿ ಸಂಘಗಳಿಗೇನೂ ಬರವಿಲ್ಲ. ಭಾಷೆಯ ಸಂಘ, ಊರಿನ ಸಂಘ, ಜಾತಿಯ ಸಂಘ, ಮತದ ಸಂಘ ಎಲ್ಲವೂ ಇವೆ. ರಾಜ್ಯೋತ್ಸವಕ್ಕೆ ಊರಿನಿಂದ ಗಾಯಕರನ್ನು, ಹಾಸ್ಯಗಾರರನ್ನು ಕರೆಸುವ ಖರ್ಚಿನಲ್ಲಿ ಒಂದು ವರ್ಷದ ಪುಸ್ತಕ ಮುದ್ರಿಸಬಹುದು ಎಂಬ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಜಾತಿಯ ಸಂಘದ ಹಾಲಿನಲ್ಲಿ ಕನ್ನಡ ಪಾಠ ನಡೆದರೆ ಬೇರೆ ಜಾತಿಯ ಮಗು ಬರುವುದಿಲ್ಲ. ಪಾಠ ಭಜನೆಯಿಂದ ಆರಂಭವಾದರೆ ಬ್ಯಾರಿ ಮನೆಯ, ಕ್ರೈಸ್ತ ಮನೆಯ ಮಗು ಎರಡನೆಯ ವಾರಕ್ಕೇ ನಿಲ್ಲುತ್ತದೆ. ಕರಾವಳಿಯಲ್ಲಿ ಈ ಮಕ್ಕಳ ತಂದೆತಾಯಂದಿರನ್ನು ಒಂದೇ ಬೆಂಚಿನಲ್ಲಿ ಕೂರಿಸಿದ್ದು ಸರ್ಕಾರಿ ಕನ್ನಡ ಶಾಲೆ. ಆ ಬೆಂಚನ್ನು ಮರಳುಗಾಡಿಗೆ ತರುವಾಗ ಮೂರು ತುಂಡು ಮಾಡುವುದು ಬೇಡ. ಪಾಠಕ್ಕೆ ಶಾಲೆಯ ಕೊಠಡಿಯೇ ಬೇಕೆನ್ನುವುದಕ್ಕೆ ಇದು ಮುಖ್ಯ ಕಾರಣ. ಇನ್ನೊಂದು ಕಾರಣ ಕಾನೂನಿನದು: ಪರವಾನಗಿಯಿಲ್ಲದ ಖಾಸಗಿ ಪಾಠವನ್ನು ಕುವೈತ್ ಒಪ್ಪುವುದಿಲ್ಲ. ಉಚಿತವಾಗಿದ್ದರೂ ಫ್ಲಾಟಿನ ಹಾಲಿನಲ್ಲಿ ನಡೆಯುವ ತರಗತಿಯ ಮೇಲೆ ಆ ನೆರಳು ಇದ್ದೇ ಇರುತ್ತದೆ.

ಆ ಹಾಲಿನಲ್ಲಿ ಕಲಿಸುವವರ ಬಗ್ಗೆ ಸಂಘಗಳ ವಾರ್ಷಿಕ ವರದಿಯಲ್ಲಿ ಒಂದು ಸಾಲು ಇರುತ್ತದೆ: ನಿಸ್ವಾರ್ಥ ಸೇವೆ. ಹೀಗೆ ಕಲಿಸುವ ಮಹಿಳೆಯರಲ್ಲಿ ಬಿ.ಎಡ್. ಮಾಡಿದವರಿದ್ದಾರೆ, ಊರಿನಲ್ಲಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದವರಿದ್ದಾರೆ. ಅವಲಂಬಿತರ ವೀಸಾದ ಮೇಲೆ ಬಂದವರಿಗೆ ಅಲ್ಲಿ ಕೆಲಸ ಮಾಡುವ ಹಕ್ಕಿಲ್ಲ. ವಿದ್ಯೆಯಿದ್ದೂ ಮನೆಯಲ್ಲಿ ಕುಳಿತ ಹೆಣ್ಣಿನ ಶ್ರಮವನ್ನು ಸೇವೆಯೆಂದು ಕರೆದು ಹೂಗುಚ್ಛ ಕೊಡುವುದು ಅಗ್ಗದ ದಾರಿ. ಆಕೆಯ ತರಗತಿಯ ಅಂಕವನ್ನು ಶಾಲೆ ಒಪ್ಪಿದ ದಿನ ಆಕೆ ಶಿಕ್ಷಕಿಯಾಗುತ್ತಾಳೆ, ಶಾಲೆ ಆಕೆಗೆ ಸಂಬಳವನ್ನೂ ಕೆಲಸದ ವೀಸಾವನ್ನೂ ಕೊಡಬೇಕಾಗುತ್ತದೆ. ಬಹುಶಃ ಒಪ್ಪದಿರುವುದಕ್ಕೆ ಇದೂ ಒಂದು ಕಾರಣ.

ಶುಕ್ರವಾರದ ಚಾಪೆಯ ಮೇಲೆ ಎಂದೂ ಕೂರದ ಮಕ್ಕಳೂ ಇದ್ದಾರೆ. 2024ರ ಜನವರಿಯಲ್ಲಿ ಕುವೈತ್ ಕುಟುಂಬ ವೀಸಾವನ್ನು ಮತ್ತೆ ತೆರೆದಾಗ ತಿಂಗಳ ಸಂಬಳ ಕನಿಷ್ಠ 800 ದಿನಾರ್ ಇರಬೇಕೆಂದು ಷರತ್ತು ಹಾಕಿತು. ಮನೆಗೆಲಸದವರು, ಚಾಲಕರು, ಕಟ್ಟಡ ಕಾರ್ಮಿಕರು, ಹೋಟೆಲಿನ ಅಡುಗೆಯವರು ಆ ಸಂಬಳವನ್ನು ಕನಸಿನಲ್ಲೂ ಕಂಡವರಲ್ಲ. ಅವರ ಮಕ್ಕಳು ಅಜ್ಜಿಯ ಜೊತೆ ಊರಿನಲ್ಲಿದ್ದು ಸರ್ಕಾರಿ ಕನ್ನಡ ಶಾಲೆಗೆ ಹೋಗುತ್ತಾರೆ. ಅವರಿಗೆ ಕನ್ನಡದ ಕೊರತೆಯಿಲ್ಲ. ಹೊರಗಿನ ಪಾಠ ಕೊಳ್ಳುವ ಶಕ್ತಿಯಿಲ್ಲ. ಕುವೈತ್‌ನ ಮಗು ಸಂಜೆ ನೀಟ್ ತರಬೇತಿಗೆ ಹೋಗುವಾಗ ಕುಂದಾಪುರದ ಹಳ್ಳಿಯ ಮಗು ಮನೆಗೆ ಹೋಗುತ್ತದೆ. ಇಬ್ಬರೂ ಬರೆಯುವುದು ಒಂದೇ ಪರೀಕ್ಷೆ. ಶಾಲೆಯ ಹೊರಗೆ ಕಲಿತದ್ದನ್ನು ಎಣಿಸಬೇಕೆನ್ನುವವರು ಹಣ ಕೊಟ್ಟು ಕೊಂಡ ಕಲಿಕೆಯ ದಾರಿಯನ್ನು ಇನ್ನಷ್ಟು ಸುಗಮ ಮಾಡುತ್ತಿಲ್ಲವೇ ಎಂದು ಯಾರಾದರೂ ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಆದ್ದರಿಂದಲೇ ಎಣಿಕೆಗೆ ಬರಬೇಕಾದದ್ದು ಸಾರ್ವಜನಿಕ ಸಂಸ್ಥೆ ರೂಪಿಸಿದ, ಶುಲ್ಕವಿಲ್ಲದ, ಯಾರು ಬೇಕಾದರೂ ಸೇರಬಹುದಾದ ಪಾಠ ಮಾತ್ರ ಎಂಬ ಷರತ್ತು ಬೇಡಿಕೆಯೊಳಗೇ ಇರಬೇಕು.

ಅದೇ ದೇಶದಲ್ಲಿ ಇನ್ನೂ ಕೆಲವು ಮಕ್ಕಳಿಗೆ ಹೊರಗಿನ ಪಾಠವೇ ಏಕೈಕ ಪಾಠವಾಗಿದ್ದ ಕಾಲವನ್ನು ಕುವೈತ್‌ನ ಕನ್ನಡಿಗರು ಕಣ್ಣಾರೆ ಕಂಡಿದ್ದಾರೆ. ಪೌರತ್ವದ ಕಾಗದವಿಲ್ಲದ ಬಿದೂನ್ ಸಮುದಾಯದವರು ಸುಮಾರು ಒಂದು ಲಕ್ಷವೆಂಬುದು ಸಾಮಾನ್ಯ ಅಂದಾಜು. 1980ರ ದಶಕದ ಉತ್ತರಾರ್ಧದಿಂದ ಅವರ ಮಕ್ಕಳಿಗೆ ಸರ್ಕಾರಿ ಶಾಲೆ ಮುಚ್ಚಿತು. 2014ರಲ್ಲಿ ಜನನ ಪ್ರಮಾಣಪತ್ರವಿಲ್ಲವೆಂದು ಖಾಸಗಿ ಶಾಲೆಗಳೂ ಅವರಲ್ಲಿ ಅನೇಕರನ್ನು ಹೊರಗಿಟ್ಟಾಗ, ಸ್ವಯಂಸೇವಕರು ಕುವೈತ್ ಶಿಕ್ಷಕರ ಸಂಘದ ಆಶ್ರಯದಲ್ಲಿ 'ಕತಾತೀಬ್' ಎಂಬ ಹಳೆಯ ಹೆಸರಿನಲ್ಲಿ ತರಗತಿಗಳನ್ನು ಆರಂಭಿಸಿದರು. ಕತಾತೀಬ್ ಎಂದರೆ ಶಾಲೆಗಳು ಬರುವುದಕ್ಕೆ ಮೊದಲು ಮುಲ್ಲಾನ ಮುಂದೆ ಕುಳಿತು ಅಕ್ಷರ ಕಲಿಯುತ್ತಿದ್ದ ಜಾಗ, ಕನ್ನಡದ ಕೂಲಿಮಠದಂಥದ್ದು. ಆ ಪಾಠಕ್ಕೆ ಅಂಕಪಟ್ಟಿಯಿರಲಿಲ್ಲ. ತಮ್ಮ ಮಕ್ಕಳ ಕನ್ನಡಕ್ಕೆ ಮುದ್ರೆ ಕೇಳುವ ಅನಿವಾಸಿಗಳು ಈ ಮಕ್ಕಳ ಹೆಸರನ್ನೂ ಬಾಯಲ್ಲಿಡಲು ಹೆದರುತ್ತಾರೆ, ಹೆದರಿಕೆಗೆ ಕಾರಣವೂ ಇದೆ, ವೀಸಾ ಕೈತಪ್ಪೀತು. ಹೊರಗಿರುವ ಈ ಪತ್ರಿಕೆಯ ಓದುಗರಿಗೆ ಆ ಹೆದರಿಕೆ ಇರಬೇಕಾದದ್ದಿಲ್ಲ.

ಮಗುವಿನ ಮೇಲೆ ಇನ್ನೊಂದು ಹೊರೆ ಏಕೆ ಎಂಬ ಆಕ್ಷೇಪಕ್ಕೆ ಉತ್ತರ ಸರಳ. ಶುಕ್ರವಾರದ ಪಾಠ ಈಗ ಹೊರೆಯೇ, ಏಕೆಂದರೆ ಅದು ಎಲ್ಲದರ ಮೇಲೆ ಹೆಚ್ಚುವರಿಯಾಗಿ ಬಂದು ಕೂರುತ್ತದೆ. ಶಾಲೆಯ ಮೂರನೆಯ ಭಾಷೆಯ ಬದಲಿಗೆ ಅದು ನಡೆದರೆ ಮಗುವಿನ ವಾರದಲ್ಲಿ ಮೂರ್ನಾಲ್ಕು ಪಿರಿಯಡ್ಡು ಉಳಿಯುತ್ತದೆ. ಎಂಟನೆಯ ತರಗತಿ ಮುಗಿದ ಮೇಲೆ ಮರೆತುಹೋಗುವ ಫ್ರೆಂಚಿನ ಕ್ರಿಯಾಪದಗಳ ಜಾಗದಲ್ಲಿ ಅಜ್ಜನ ಪತ್ರ ಓದುವ ಶಕ್ತಿ ಬರುತ್ತದೆ.

ಅನಿವಾಸಿ ಭಾರತೀಯ ಸಮಿತಿ ಮತ್ತು ಕನ್ನಡ ಅಭಿವೃದ್ಧಿ ಪ್ರಾಧಿಕಾರ ಸೇರಿ ಆರರಿಂದ ಎಂಟನೆಯ ತರಗತಿಯ ಮಟ್ಟಕ್ಕೆ ಮೂರು ಹಂತದ ಪಠ್ಯ ಮತ್ತು ಪರೀಕ್ಷೆಯನ್ನು ಮೊದಲು ರೂಪಿಸಲಿ; ಹತ್ತು ವರ್ಷದ ದೊಡ್ಡ ಯೋಜನೆ ಆಮೇಲೆ ಬಂದರೂ ಆದೀತು. ಅದರ ಪ್ರಮಾಣಪತ್ರವನ್ನು ಮೂರನೆಯ ಭಾಷೆಯ ಅಂಕವಾಗಿ ಒಪ್ಪಬೇಕೆಂದು ಕೋರುವ ಮನವಿಗೆ ಕುವೈತ್‌ನ ಎಲ್ಲ ಕನ್ನಡ, ತುಳು, ಕೊಂಕಣಿ, ಬ್ಯಾರಿ ಸಂಘಗಳು ಒಂದೇ ಕಾಗದದ ಮೇಲೆ ಸಹಿ ಹಾಕಿ ಶಾಲೆಗಳ ಆಡಳಿತಕ್ಕೂ ರಾಯಭಾರ ಕಚೇರಿಗೂ ಕೊಡಲಿ. ಭಾರತೀಯ ಶಾಲೆಗಳ ಹೊಸ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ. ಐದನೆಯ ತರಗತಿಯ ಮಕ್ಕಳ ಪಾಲಕರಿಗೆ ಭಾಷೆಯ ಆಯ್ಕೆಯ ನಮೂನೆ ಅದಕ್ಕೂ ಮುಂಚೆಯೇ ಮನೆಗೆ ಬರುತ್ತದೆ. ಮನವಿ ಚಳಿಗಾಲದ ರಜೆಗೆ ಮೊದಲು ತಲುಪಬೇಕು.